ಗಿಣ್ಣು ಹಂಚುವ ಮೊದಲು

ಸೀಮೆ ಹಸು ಕರು ಹಾಕಿತೆಂದರೆ ನಮ್ಮ ಬೀದಿಗೆಲ್ಲ ಸಂಭ್ರಮ. ಹಸು ಇನ್ನೂ ಕಸ ಹಾಕಿರುವುದಿಲ್ಲ, ಅಷ್ಟರಲ್ಲೇ ಎದುರುಮನೆಯ ಹುಡುಗಿ ಸ್ಟೀಲ್ ಡಬ್ಬಿ ಹಿಡಿದು ಬಂದು, "ಅತ್ತೆ, ಅಮ್ಮ ಗಿಣ್ಣು ಹಾಲು ಇದ್ರೆ ಇಸ್ಕೊಂಡ್ ಬಾ ಅಂದ್ಲು" ಎಂದು ನಿಲ್ಲುತ್ತಾಳೆ. ಇಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಗಿಣ್ಣು ಹಂಚಿ ತಿನ್ನಬೇಕಾದ ಪದಾರ್ಥ. ಒಬ್ಬರೇ ಇಟ್ಟುಕೊಂಡರೆ ಹಸುವಿಗೆ ದೃಷ್ಟಿಯಾಗುತ್ತದೆಂದು ನಮ್ಮತ್ತೆ ಹೇಳುತ್ತಿದ್ದರು.

ಹಾಸನದ ಕಡೆಯ ಸಣ್ಣ ಊರು ನಮ್ಮದು. ಮನೆಯ ಹಿತ್ತಲಲ್ಲಿ ಎರಡು ಹಸು ಕಟ್ಟುವಷ್ಟು ಕೊಟ್ಟಿಗೆ. ನಾನು ಮದುವೆಯಾಗಿ ಬಂದಾಗ ಅಲ್ಲಿದ್ದದ್ದು ಒಂದು ನಾಟಿ ಹಸು. ಒಪ್ಪೊತ್ತಿಗೆ ಒಂದು ಲೀಟರ್ ಕೊಟ್ಟರೆ ಹೆಚ್ಚು. ಆಮೇಲೆ ನಮ್ಮ ಯಜಮಾನರು ಸಾಲ ಮಾಡಿ ಒಂದು ಎಚ್.ಎಫ್. ಮಿಶ್ರತಳಿ ಹಸು ತಂದರು. ಕಪ್ಪು ಬಿಳುಪು ಮೈ, ದೊಡ್ಡ ಕೆಚ್ಚಲು. ಗೌರಿ ಎಂದು ಹೆಸರಿಟ್ಟೆವು. ಆ ಗೌರಿಯ ಮೊದಲ ಮೂರು ಕರುಗಳ ಕಥೆಯೇ ಈ ಲೇಖನ. ನಿಮ್ಮ ಮನೆಯಲ್ಲೂ ಒಂದು ಹಸು ಇದ್ದರೆ, ಅದರ ಕರುವಿನ ಯೋಗಕ್ಷೇಮ ನೋಡುವವರು ನೀವೇ ಆಗಿರುತ್ತೀರಿ. ಹಾಲು ಡೇರಿಗೆ ಹಾಕಿ ಬರುವವರು ಗಂಡಸರು, ಬಟವಾಡೆ ತರುವವರೂ ಅವರೇ ಇರಬಹುದು; ಕರುವಿಗೆ ಬೇಧಿಯಾಯಿತೆಂದು ಮೊದಲು ಗೊತ್ತಾಗುವುದು ಮಾತ್ರ ಸಗಣಿ ಬಾಚುವ ಹೆಂಗಸಿಗೆ.

ಮೊದಲ ಕರು ಹುಟ್ಟಿದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಹೆಣ್ಣುಗರು, ಹಣೆಯ ಮೇಲೆ ಬೊಟ್ಟಿಟ್ಟಂತೆ ಬಿಳಿ ಮಚ್ಚೆ. ಅದು ಎದ್ದು ಕೆಚ್ಚಲ ಕಡೆ ತಡವರಿಸುತ್ತಾ ಹೋದರೆ ನಮ್ಮತ್ತೆ ತಡೆದರು. "ಕಸ ಬೀಳೋವರೆಗೂ ಕರು ಬಿಡಬಾರದು ಕಣೇ. ಹಾಲು ಕುಡಿದ್ರೆ ಕಸ ಒಳಗೇ ನಿಂತುಬಿಡತ್ತೆ." ಅವರ ತವರಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಕಸ ಬಿದ್ದದ್ದು ರಾತ್ರಿ ಹತ್ತಕ್ಕೆ. ಆಗ ಹಾಲು ಕರೆದೆವು, ಹಳದಿ ಬಣ್ಣದ ಗಟ್ಟಿ ಹಾಲು, ಐದು ಲೀಟರಿಗೂ ಮಿಕ್ಕಿ. ಒಂಬತ್ತು ಮನೆಗೆ ಹಂಚಿದೆವು. ಕರುವಿಗೆ ಬೆಳಿಗ್ಗೆ ಒಂದು ಲೋಟ. "ಜಾಸ್ತಿ ಕುಡಿಸಿದ್ರೆ ಬೇಧಿ ಆಗತ್ತೆ" ಎಂದರು. ಐದನೆಯ ದಿನ ಕರುವಿಗೆ ಬಿಳಿ ಬೇಧಿ ಶುರುವಾಯಿತು. ಎಂಟನೆಯ ದಿನ ಹೊತ್ತು ಹುಟ್ಟುವ ಮೊದಲೇ ಅದು ಇರಲಿಲ್ಲ. ಗೌರಿ ಎರಡು ದಿನ ಕೂಗಿತು, ಸೊರೆ ಬಿಡಲಿಲ್ಲ, ಹಾಲು ಅರ್ಧಕ್ಕಿಳಿಯಿತು. ಒಂಬತ್ತು ಮನೆಯವರೂ ಬಂದು ಅಯ್ಯೋ ಪಾಪ ಎಂದು ಹೋದರು.

ಅದಾದ ಮೇಲೆ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. "ನಮ್ಮ ನಾಟಿ ಹಸು ಕರುಗಳು ಎಂಟು ಹತ್ತು ಬೆಳೆದವು ಸಾರ್, ಇದ್ಯಾಕೆ ಹೀಗಾಯ್ತು?" ಅವರು ಬೈಯಲಿಲ್ಲ. ಕೂತು ಬಿಡಿಸಿ ಹೇಳಿದರು.

"ನೋಡಿ ತಾಯಿ, ನಮ್ಮ ಮಕ್ಕಳಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಶಕ್ತಿ ಒಂದಿಷ್ಟು ಬಂದಿರತ್ತೆ. ಹಸುವಿನ ಕರುವಿಗೆ ಹಾಗೆ ಬರೋದಿಲ್ಲ. ಅದರ ಪಾಲಿನದೆಲ್ಲ ಗಿಣ್ಣು ಹಾಲಿನಲ್ಲೇ ಇರೋದು. ಹುಟ್ಟಿದ ತಕ್ಷಣ ಕರುವಿನ ಕರುಳು ಆ ಶಕ್ತಿಯನ್ನು ಇದ್ದಹಾಗೇ ಹೀರಿಕೊಳ್ಳತ್ತೆ. ಗಂಟೆ ಕಳೆದ ಹಾಗೆ ಆ ಬಾಗಿಲು ಮುಚ್ಚುತ್ತಾ ಬರತ್ತೆ. ಆರು ಗಂಟೆಯೊಳಗೆ ಕುಡಿಸಿದರೆ ಉಂಟು, ಒಂದು ದಿನ ಕಳೆದರೆ ಪೂರ್ತಿ ಬಂದ್. ನೀವು ಮಾರನೇ ದಿನ ಕೊಟ್ಟ ಆ ಒಂದು ಲೋಟ ಬರೀ ಹೊಟ್ಟೆಗೆ ಆಯ್ತು, ರಕ್ಷಣೆಗೆ ಆಗಲಿಲ್ಲ."

ಎಷ್ಟು ಕುಡಿಸಬೇಕು ಎಂದರೆ, ಕರುವಿನ ತೂಕದ ಹತ್ತರಲ್ಲೊಂದು ಭಾಗವನ್ನಾದರೂ ಮೊದಲ ದಿನವೇ. ಜೆರ್ಸಿ ಮಿಶ್ರತಳಿಯ ಕರು ಹುಟ್ಟುವಾಗ ಸುಮಾರು 20 ಕಿಲೋ ತೂಗಿದರೆ, ಎಚ್.ಎಫ್. ಮಿಶ್ರತಳಿಯದು 25 ಕಿಲೋ, ಕೆಲವು ಅದಕ್ಕೂ ಹೆಚ್ಚು. ಅಂದರೆ ಎರಡರಿಂದ ಎರಡೂವರೆ ಲೀಟರ್. ಅದರಲ್ಲಿ ದೊಡ್ಡ ಪಾಲು ಹುಟ್ಟಿದ ಒಂದೆರಡು ಗಂಟೆಯೊಳಗೇ ಹೋಗಬೇಕು. ಕಸಕ್ಕೆ ಕಾಯುವ ಮಾತೇ ಇಲ್ಲ. ಕರು ಚೀಪಿದರೆ ಕಸ ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ. ಇನ್ನು ಗಿಣ್ಣು ಕುಡಿದರೆ ಬೇಧಿ ಎಂಬುದು. ಮೊದಲ ಸಗಣಿ ಕಪ್ಪಗೆ ಅಂಟಾಗಿ ಹೋಗುವುದು ಒಳ್ಳೆಯದೇ, ಅದು ಹೋಗಲೆಂದೇ ಗಿಣ್ಣು ಹಾಲಿಗೆ ಸ್ವಲ್ಪ ಸಡಿಲಿಸುವ ಗುಣವಿದೆ. ನಮ್ಮತ್ತೆ ಹೆದರಿದ್ದು ಅದಕ್ಕೇ.

ಇನ್ನೊಂದು ಬಾಗಿಲು ಹೊಕ್ಕುಳು. ಹಸಿ ಹೊಕ್ಕುಳ ಬಳ್ಳಿ ಸಗಣಿ ಗಂಜಲದ ನೆಲಕ್ಕೆ ತಾಗಿದರೆ ರೋಗ ನೇರವಾಗಿ ಒಳಕ್ಕೆ ಹೋಗುತ್ತದೆ. ಕೀಲು ಬಾತು ಕರು ಕುಂಟುವುದು ಎಷ್ಟೋ ಸಲ ಇದರಿಂದಲೇ. ಎರಡಂಗುಲ ಬಿಟ್ಟು, ಕುದಿಸಿದ ದಾರದಲ್ಲಿ ಕಟ್ಟಿ, ಕುದಿಸಿದ ಕತ್ತರಿಯಲ್ಲಿ ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಒಣಗುವವರೆಗೂ ದಿನಾ ಹಚ್ಚಿ. ಅರಿಶಿನ, ಬೂದಿ ಬೇಡ. ಹಾಗೇ ಒಂದು ಮಾತು: ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕುವ ರೋಗ, ಬ್ರುಸೆಲ್ಲ, ಹಸುವಿನಿಂದ ಮನುಷ್ಯರಿಗೂ ಬರುತ್ತದೆ. ಮನೆಯಲ್ಲಿ ಬಸುರಿ ಇದ್ದರಂತೂ ಈಯುವ ಹಸುವಿನ ಹತ್ತಿರ ಕಳಿಸಲೇಬೇಡಿ.

ನಾಟಿ ಕರು ಬದುಕಿತು, ಸೀಮೆ ಕರು ಯಾಕೆ ಬದುಕಲಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಇನ್ನೂ ಉಳಿದಿದೆ. ವಿದೇಶಿ ತಳಿಯನ್ನು ನಮ್ಮ ಹಸುವಿನೊಂದಿಗೆ ಕೂಡಿಸುವ ಪ್ರಯತ್ನ ಇಂದು ನಿನ್ನೆಯದಲ್ಲ. ಬೆಂಗಳೂರಿನಲ್ಲಿ 1923ರಲ್ಲಿ ಶುರುವಾದ ಇಂಪೀರಿಯಲ್ ಪಶುಪಾಲನಾ ಮತ್ತು ಡೇರಿ ಸಂಸ್ಥೆಯಲ್ಲಿ ಸ್ಕಾಟ್ಲೆಂಡಿನ ಐರ್‌ಶೈರ್ ಹೋರಿ, ನಮ್ಮ ಹರಿಯಾಣ ಹಸುಗಳ ಮಿಶ್ರತಳಿ ಇತ್ತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ಇದ್ದಾಗ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕಲಿತರು. ಪಕ್ಕದ ಕೇರಳದ ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಶುರುವಾದ ಕೆಲಸ ಸುನಂದಿನಿ ಎಂಬ ತಳಿಗೆ ದಾರಿಯಾಯಿತು. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಊರೂರಿಗೆ ಹಾಲಿನ ಸಂಘಗಳು ಬರತೊಡಗಿದ ಮೇಲೆ ಸೀಮೆ ಹಸುಗಳೂ ಊರೂರಿಗೆ ಬಂದವು.

ಈ ಹಸುಗಳು ತಂದೆಯ ಕಡೆಯಿಂದ ಹಾಲನ್ನು ತಂದವು, ತಾಯಿಯ ಕಡೆಯಿಂದ ತಾಳಿಕೆಯನ್ನು. ಆದರೆ ತಂದೆಯ ಪಾಲು ಹೆಚ್ಚಾದಷ್ಟೂ ತಾಳಿಕೆ ಕಡಿಮೆ. ಅದಕ್ಕೇ ತಿಳಿದವರು ವಿದೇಶಿ ರಕ್ತ ಶೇಕಡಾ 50ರಿಂದ 62.5ರೊಳಗೆ ಇರಲಿ ಎನ್ನುತ್ತಾರೆ. ಮಿಶ್ರತಳಿ ಕರು ದೊಡ್ಡದಾಗಿ ಹುಟ್ಟುತ್ತದೆ, ಬೇಗ ಬೆಳೆಯುವ ಶಕ್ತಿ ಇದೆ. ಹಾಗಾಗಿ ಅದರ ಹಸಿವೂ ದೊಡ್ಡದು. ಬಿಸಿಲು, ಉಣ್ಣೆ, ಕೆಸರು ಇವನ್ನು ನಾಟಿ ಕರುವಿನಷ್ಟು ಅದು ತಡೆಯಲಾರದು. ನಾಟಿ ಕರುವಿಗೆ ಮಾಡಿದ ಆರೈಕೆ ಇದಕ್ಕೆ ಸಾಲುವುದಿಲ್ಲ. ಮಾಡಿದ ತಪ್ಪನ್ನು ನಾಟಿ ಕರು ಎಷ್ಟೋ ಸಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಇದು ಹಾಕಿಕೊಳ್ಳುವುದಿಲ್ಲ.

ಒಂದು ಮೊಲೆಯ ಲೆಕ್ಕ

ಗೌರಿಯ ಎರಡನೆಯ ಕರುವಿಗೆ ಗಿಣ್ಣು ಹೊಟ್ಟೆ ತುಂಬ ಕುಡಿಸಿದೆ. ಅದು ಬದುಕಿತು. ಆದರೆ ಆಮೇಲೆ ಇನ್ನೊಂದು ತಪ್ಪು ಮಾಡಿದೆ, ಅದು ತಪ್ಪೆಂದು ಗೊತ್ತಾಗಲು ಮೂರು ವರ್ಷ ಬೇಕಾಯಿತು.

ನಮ್ಮಲ್ಲಿ ಹಾಲು ಕರೆಯುವಾಗ ಕರುವನ್ನು ಮೊದಲು ಬಿಟ್ಟು, ಹಸು ಸೊರೆ ಬಿಟ್ಟ ಮೇಲೆ ಎಳೆದು ಕಟ್ಟಿ, ಮೂರು ಮೊಲೆ ಕರೆದು ಒಂದನ್ನು ಕರುವಿಗೆ ಬಿಡುವ ಪದ್ಧತಿ. ಧರ್ಮದ ಪದ್ಧತಿ ಅದು, ತಪ್ಪೆನ್ನಲಾರೆ. ಆದರೆ ತಿಂಗಳ ಕೊನೆಯಲ್ಲಿ ಮಕ್ಕಳ ಫೀಸು, ಹಿಂಡಿಯ ಬಾಕಿ ಬಂದಾಗ ಆ ನಾಲ್ಕನೆಯ ಮೊಲೆಯಿಂದಲೂ "ಒಂದೆರಡು ಸಲ" ಎಳೆದುಕೊಳ್ಳುತ್ತೇವೆ. ನಾನೂ ಎಳೆದಿದ್ದೇನೆ, ಮುಚ್ಚಿಡುವುದೇನು. ಕರುವಿಗೆ ಎಷ್ಟು ಸಿಕ್ಕಿತೆಂದು ಅಳೆದವರು ಯಾರು? ಒಮ್ಮೆ ಕುತೂಹಲಕ್ಕೆ ಆ ಒಂದು ಮೊಲೆಯ ಹಾಲನ್ನು ಲೀಟರ್ ಅಳತೆಗೆ ಕರೆದು ನೋಡಿದೆ. ಎರಡು ಹೊತ್ತಿಗೂ ಸೇರಿ ಒಂದೂಕಾಲು ಲೀಟರ್! ಮೂವತ್ತು ಕಿಲೋ ಕರುವಿಗೆ ಮೂರು ಲೀಟರ್ ಬೇಕಿತ್ತು.

ಆ ಕರು ಸಾಯಲಿಲ್ಲ, ಆದರೆ ಬೆಳೆಯಲೂ ಇಲ್ಲ. ಕೂದಲು ಒರಟು, ಹೊಟ್ಟೆ ಮಾತ್ರ ಗುಡಾಣ. ಆರು ತಿಂಗಳಿಗೆ ಮೂರು ತಿಂಗಳ ಕರುವಿನಂತಿತ್ತು. ಎರಡು ವರ್ಷ ತುಂಬಿದರೂ ಬೆದೆಗೆ ಬರಲಿಲ್ಲ. ಮಿಶ್ರತಳಿ ಕಡಸು ಬೆದೆಗೆ ಬರುವುದು ವಯಸ್ಸು ನೋಡಿಯಲ್ಲ, ತೂಕ ನೋಡಿ, ಎಚ್.ಎಫ್. ಮಿಶ್ರತಳಿಯಾದರೆ ಸುಮಾರು 250 ಕಿಲೋ ಆದ ಮೇಲೆ ಗರ್ಭಧಾರಣೆ ಮಾಡಿಸಬೇಕು. ಚೆನ್ನಾಗಿ ಬೆಳೆದ ಕಡಸು ಎರಡೂವರೆ ವರ್ಷದ ಸುಮಾರಿಗೆ ಕರು ಹಾಕುತ್ತದೆ. ನಮ್ಮದು ಹಾಕಿದ್ದು ಮೂರೂವರೆ ವರ್ಷಕ್ಕೆ. ಒಂದು ವರ್ಷದ ಹುಲ್ಲು ಹಿಂಡಿ ದಂಡ, ಒಂದು ವರ್ಷದ ಹಾಲೂ ಇಲ್ಲ.

ಲೆಕ್ಕ ಹಾಕಿ ನೋಡಿ ಸೋದರಿಯರೇ. ಮೂರು ತಿಂಗಳಲ್ಲಿ ಒಂದು ಕರುವಿಗೆ ಬೇಕಾಗುವುದು ಹೆಚ್ಚುಕಡಿಮೆ 200 ಲೀಟರ್ ಹಾಲು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿನ ಇಪ್ಪತ್ತು ದಿನದ ಕರಾವು. ಅದನ್ನು ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಇಡೀ ವರ್ಷ.

ಮೊದಲ ತಿಂಗಳು ತೂಕದ ಹತ್ತರಲ್ಲೊಂದು ಭಾಗ ಹಾಲು, ಎರಡನೆಯ ತಿಂಗಳು ಹದಿನೈದರಲ್ಲೊಂದು, ಮೂರನೆಯದರಲ್ಲಿ ಇಪ್ಪತ್ತರಲ್ಲೊಂದು ಎಂಬುದು ಬಹುಕಾಲದಿಂದ ಬಂದ ಲೆಕ್ಕ. ಈಗಿನವರು ಮೊದಲ ತಿಂಗಳಿಗೆ ಅದೂ ಸಾಲದು, ಕೈ ಸಡಿಲ ಮಾಡಿ ಎನ್ನುತ್ತಾರೆ. ಒಂದೇ ಸಲಕ್ಕೆ ಸುರಿಯದೆ ಎರಡು ಮೂರು ಹೊತ್ತು ಮಾಡಿ, ಅದೇ ಹೊತ್ತಿಗೆ, ಆಗ ಕರೆದ ಬಿಸಿಯಲ್ಲೇ ಕೊಡಿ. ಬಕೆಟ್ಟಿನಲ್ಲಿ ಕುಡಿಸುವವರು ಮೊದಲು ಬೆರಳು ಚೀಪಿಸಿ ಕಲಿಸಬೇಕು. ಪಾತ್ರೆಯನ್ನು ನಿಮ್ಮ ಮಗುವಿನ ಹಾಲಿನ ಬಾಟಲಿ ತೊಳೆಯುವ ಹಾಗೆ ಬಿಸಿನೀರಲ್ಲಿ ತೊಳೆಯಿರಿ. ಕೊಟ್ಟಿಗೆಯ ಮೂಲೆಯಲ್ಲಿ ಹುಳಿ ವಾಸನೆ ಹೊಡೆಯುವ ಪ್ಲಾಸ್ಟಿಕ್ ಬಕೆಟ್ ಇದೆಯಲ್ಲ, ಅರ್ಧ ಬೇಧಿ ಅಲ್ಲಿಂದಲೇ.

ಹಾಲಿನ ಜತೆಗೆ ತಿನ್ನುವುದನ್ನೂ ಕಲಿಸಬೇಕು. ಹುಟ್ಟಿದ ಕರುವಿಗೆ ಹುಲ್ಲು ಜೀರ್ಣಿಸುವ ದೊಡ್ಡ ಹೊಟ್ಟೆ ಹೆಸರಿಗೆ ಮಾತ್ರ ಇರುತ್ತದೆ. ಕುಡಿದ ಹಾಲು ಅದನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತದೆ. ಆ ಹೊಟ್ಟೆ ಬೆಳೆಯಲು ಕಾಳಿನ ಆಹಾರ ಬೇಕು. ಎರಡನೆಯ ವಾರದಿಂದಲೇ ಒಂದು ಚಿಟಿಕೆ ಬಾಯಿಗೆ ಸವರಿ ರುಚಿ ಹತ್ತಿಸಿ. ಅಂಗಡಿಯಲ್ಲಿ ಕರುವಿನ ಆಹಾರವೆಂದೇ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ನುಚ್ಚು ಮಾಡಿದ ಮುಸುಕಿನ ಜೋಳ 50 ಪಾಲು, ಕಡಲೆಕಾಯಿ ಹಿಂಡಿ 30, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಹಿಂಡಿ ಬೂಷ್ಟು ಹಿಡಿದಿದ್ದರೆ ತಿಪ್ಪೆಗೆ ಹಾಕಿ, ಕರುವಿಗೆ ಬೇಡ. ಕಲಗಚ್ಚೂ ಬೇಡ, ಅದು ದೊಡ್ಡ ಹಸುವಿನ ಪಾಲು. ಹುಲ್ಲೆಂದರೆ ಕಡ್ಡಿಯಾದ ರಾಗಿ ಹುಲ್ಲಲ್ಲ, ಎಳೆಯ ಸೊಪ್ಪು: ಕುದುರೆ ಮೆಂತೆ, ಅಲಸಂದೆ, ಅಗಸೆ ಸೊಪ್ಪು, ಒಂದಿಷ್ಟು ಬಾಡಿಸಿ. ಹಾಲು ಕುಡಿಯುವ ಕರುವಿಗೆ ನೀರೇಕೆ ಎಂದು ಕೇಳಬೇಡಿ, ಶುದ್ಧ ನೀರು ಮೊದಲ ವಾರದಿಂದಲೂ ಮುಂದೆ ಇರಲಿ. ನೀರಿಲ್ಲದೆ ಕಾಳು ತಿನ್ನುವುದಿಲ್ಲ. ದಿನಕ್ಕೆ ಮುಕ್ಕಾಲು ಕಿಲೋ ಕಾಳಿನ ಆಹಾರ ತಿನ್ನುವಷ್ಟಾದ ಮೇಲೆ ಹಾಲು ಬಿಡಿಸಬಹುದು.

ಮಳೆ ಮತ್ತು ಹುಳು

ಯಾವ ಕಾಲದಲ್ಲಿ ಹುಟ್ಟಿತೆಂಬುದೂ ಕರುವಿನ ಹಣೆಬರಹದ ಒಂದು ಭಾಗ. ಬೇಸಿಗೆಯ ಕರು ಸೆಕೆಗೆ ತಿನ್ನುವುದು ಕಡಿಮೆ. ಮಳೆಗಾಲದ ಕರುವಿಗೆ ಕೆಮ್ಮು, ನೆಗಡಿ, ಒದ್ದೆ ನೆಲದಿಂದ ರಕ್ತಬೇಧಿ. ಮಲೆನಾಡು, ಕರಾವಳಿಯ ಸೋದರಿಯರಿಗೆ ಇದನ್ನು ಹೇಳಬೇಕಾಗಿಲ್ಲ. ಕೊಟ್ಟಿಗೆ ಚೆನ್ನಾಗಿದೆಯೇ ಎಂದು ನೋಡಲು ಡಾಕ್ಟರು ಹೇಳಿಕೊಟ್ಟ ಉಪಾಯ ಇದು: ಕರು ಮಲಗುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಅದರ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ಗಂಜಲದ ಘಾಟಿಗೆ ನಿಮ್ಮ ಕಣ್ಣು ಉರಿದರೆ ಕರುವಿನ ಎದೆಯೂ ಉರಿಯುತ್ತಿದೆ. ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಮೊಣಕಾಲೂರಿದಾಗ ಸೀರೆ ಒದ್ದೆಯಾಯಿತೋ, ಹಾಸು ಬದಲಿಸಿ.

ಹುಳುವಿನ ವಿಷಯ ಅನೇಕರಿಗೆ ಗೊತ್ತಿಲ್ಲ. ಕರು ಹುಲ್ಲೇ ತಿಂದಿಲ್ಲ, ಹುಳು ಎಲ್ಲಿಂದ ಬರಬೇಕು ಎನ್ನುತ್ತಾರೆ. ದುಂಡು ಹುಳುವಿನ ಮರಿಗಳು ತಾಯಿಯ ಹಾಲಿನಲ್ಲೇ ಬರುತ್ತವೆ. ಅದಕ್ಕೇ ಹತ್ತನೆಯ ದಿನದ ಹೊತ್ತಿಗೇ ಮೊದಲ ಜಂತುಹುಳು ಔಷಧಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪ್ರಮಾಣ ತೂಕದ ಮೇಲೆ, ಡಾಕ್ಟರನ್ನು ಕೇಳಿಯೇ ಹಾಕಿ. ಉಣ್ಣೆಯನ್ನೂ ಹಗುರವಾಗಿ ಕಾಣಬೇಡಿ. ಅದು ಹರಡುವ ಥೈಲೇರಿಯ ಜ್ವರ ಸೀಮೆ ಕರುಗಳಿಗೆ ಮಾರಿ. ವಿಪರೀತ ಜ್ವರ, ಭುಜದ ಮುಂದೆ ಗಂಟು ಕಂಡರೆ ಅದೇ ದಿನ ಆಸ್ಪತ್ರೆಗೆ. ಇದಕ್ಕೆ ಔಷಧಿ ಇದೆ, ತಡಮಾಡಬಾರದು ಅಷ್ಟೆ.

ಬೇಧಿಯಾದಾಗ ಹಾಲು ನಿಲ್ಲಿಸುವುದು ನಮ್ಮ ಹಳೆಯ ರೂಢಿ. ಈಗ ಹಾಗೆ ಮಾಡುವುದಿಲ್ಲ. ಕರು ಸಾಯುವುದು ಮುಖ್ಯವಾಗಿ ನೀರು, ಉಪ್ಪು ಹೋಗಿ. ಕತ್ತಿನ ಚರ್ಮ ಚಿವುಟಿ ಬಿಡಿ; ತಕ್ಷಣ ಹಿಂದಕ್ಕೆ ಹೋಗದೆ ಮಡಿಕೆಯಾಗಿ ನಿಂತರೆ, ಕಣ್ಣು ಗುಳಿ ಬಿದ್ದಿದ್ದರೆ ನೀರು ಆರಿದೆ ಎಂದರ್ಥ. ಹಾಲನ್ನು ಹಾಲಿನ ಹೊತ್ತಿಗೆ ಕೊಡುತ್ತಾ, ನಡುವೆ ಓ.ಆರ್.ಎಸ್. ನೀರು ಕುಡಿಸುತ್ತಿರಿ. ರಕ್ತ ಕಂಡರೆ, ಕರು ಎದ್ದು ನಿಲ್ಲದಿದ್ದರೆ ಮನೆಮದ್ದಿನಲ್ಲಿ ಕೂರಬೇಡಿ.

ಲಸಿಕೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಾಲುಬಾಯಿ ಜ್ವರಕ್ಕೆ ನಾಲ್ಕು ತಿಂಗಳು ತುಂಬಿದ ಮೇಲೆ. ಬ್ರುಸೆಲ್ಲಕ್ಕೆ ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ, ಜೀವಮಾನಕ್ಕೆ ಒಂದೇ ಸಲ. ಇವೆರಡಕ್ಕೂ 2019ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಲಸಿಕೆಯವರು ಬಂದಾಗ ಕರುವನ್ನು ಹಿತ್ತಲಲ್ಲಿ ಬಚ್ಚಿಡಬೇಡಿ. ಹಾಲು ಕಮ್ಮಿಯಾಗತ್ತೆ ಎಂದು ಬಚ್ಚಿಡುವವರನ್ನು ನೋಡಿದ್ದೇನೆ.

ಗಂಡುಗರುವಿನ ಮಾತು ಎತ್ತಲು ನನಗೆ ಸಂಕೋಚ. ಹುಟ್ಟುವಾಗ ಹೆಣ್ಣಿಗಿಂತ ತೂಕವಾಗಿ ಹುಟ್ಟಿದರೂ ತಿಂಗಳಲ್ಲಿ ಎಲುಬು ಕಾಣುವುದು ಅದೇ. ಸೀಮೆ ಹೋರಿಯನ್ನು ಉಳುಮೆಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಹಾಲಿಗೂ ಅದಕ್ಕೆ ಹಕ್ಕಿಲ್ಲದಂತೆ ಮಾಡಿದ್ದೇವೆ. ಈಗ ಹೆಣ್ಣುಗರು ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಗಳು ಬಂದಿವೆ. ಹತ್ತರಲ್ಲಿ ಒಂಬತ್ತು ಹೆಣ್ಣಾಗುತ್ತವಂತೆ. ನಿಮ್ಮ ಸಂಘದಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೇಳಿ. ಆದರೂ ಗಂಡು ಹುಟ್ಟಿದರೆ ಅದರ ಗಿಣ್ಣಿನ ಪಾಲು ಅದಕ್ಕೆ ಸಲ್ಲಬೇಕು, ಇದು ನನ್ನ ಅಭಿಪ್ರಾಯ.

ಗೌರಿಯ ಮೂರನೆಯ ಕರುವಿಗೆ ಆರೈಕೆ ಅದು ಹುಟ್ಟುವ ಎರಡು ತಿಂಗಳ ಮೊದಲೇ ಶುರುವಾಯಿತು. ಹೊಟ್ಟೆಯೊಳಗಿನ ಕರು ಹೆಚ್ಚು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆದ್ದರಿಂದ ಅರವತ್ತು ದಿನ ಮುಂಚೆ ಹಾಲು ಬತ್ತಿಸಿ, ಒಂದೂವರೆ ಕಿಲೋ ಹಿಂಡಿ ಹೆಚ್ಚಿಗೆ ಇಟ್ಟೆ. ಹಾಲು ಕೊಡದ ಹಸುವಿಗೆ ಹಿಂಡಿಯೇ ಎಂದು ಯಜಮಾನರು ಗೊಣಗಿದರು, ಕೇಳಿಸದವಳಂತೆ ಇದ್ದೆ. ಹುಟ್ಟಿದ್ದು ಹೆಣ್ಣು. ತುಂಗೆ ಎಂದು ಕರೆದೆವು.

ತೂಕದ ಯಂತ್ರ ಎಲ್ಲಿಂದ ತರೋದು ಎಂದು ಕೇಳುವಿರಿ. ಹೊಲಿಗೆ ಪೆಟ್ಟಿಗೆಯ ಟೇಪು ಸಾಕು! ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಅಂಗುಲದಲ್ಲಿ ತೆಗೆದುಕೊಳ್ಳಿ. ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಅದನ್ನು 0.45ರಿಂದ ಗುಣಿಸಿದರೆ ಕಿಲೋ. ಕರಾರುವಾಕ್ಕಲ್ಲ, ಆದರೆ ಬೆಳೆಯುತ್ತಿದೆಯೇ ಇಲ್ಲವೇ ತಿಳಿಯಲು ಸಾಕು. ತುಂಗೆ ಹುಟ್ಟಿದಾಗ ಸುತ್ತಳತೆ 27, ಉದ್ದ 24, ಅಂದರೆ 26 ಕಿಲೋ. ಎರಡು ತಿಂಗಳಿಗೆ 34 ಮತ್ತು 29, ಅಂದರೆ 50 ಕಿಲೋ. ದಿನಕ್ಕೆ 400 ಗ್ರಾಂ. ಲೆಕ್ಕ ಮಾಡಿಕೊಟ್ಟವಳು ಏಳನೆಯ ತರಗತಿಯ ನನ್ನ ಮಗಳು. ಕೊಟ್ಟಿಗೆಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ.

ತುಂಗೆ ಹುಟ್ಟಿದ ದಿನವೂ ಎದುರುಮನೆಯ ಡಬ್ಬಿ ಬಂತು. ನಮ್ಮತ್ತೆಯೇ ಬಾಗಿಲಿಗೆ ಹೋಗಿ, "ಸಂಜೆ ಬಾ ಮಗಾ, ಇನ್ನೂ ಕರು ಕುಡೀತಿದೆ" ಎಂದರು.

ಸೀಮೆ ಹಸುವಿನ ಗಿಣ್ಣು ಕರುವಿಗೆ ಕೊಟ್ಟೂ ಮಿಗುತ್ತದೆ, ಭಯ ಬೇಡ. ಹೆಚ್ಚಿದ್ದರೆ ಒಂದೆರಡು ಲೀಟರ್ ಶುದ್ಧ ಬಾಟಲಿಯಲ್ಲಿ ಫ್ರೀಜರಿನಲ್ಲಿಟ್ಟರೆ, ಇನ್ನೊಂದು ಹಸುವಿಗೆ ಗಿಣ್ಣು ಸಾಲದೆ ಬಂದಾಗ ಆದೀತು. ಕುದಿಸದೆ, ಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಬೇಕು. ನಿಮ್ಮ ಪಾಲಿನ ಗಿಣ್ಣಿಗೆ: ಮೊದಲ ದಿನದ ಗಟ್ಟಿ ಹಾಲು ಒಂದು ಲೋಟವಾದರೆ ಮಾಮೂಲಿ ಹಾಲು ಎರಡು ಲೋಟ, ಬೆಲ್ಲದ ಪುಡಿ ಮುಕ್ಕಾಲು ಲೋಟ, ಏಲಕ್ಕಿ ನಾಲ್ಕು. ಬೆಲ್ಲ ಕರಗಿಸಿ, ಶೋಧಿಸಿ, ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಚಾಕು ಚುಚ್ಚಿದರೆ ಅಂಟಬಾರದು. ಮೂರನೆಯ ದಿನದ ಹಾಲಾದರೆ ನೀರು ಹಾಲು ಏನೂ ಬೆರೆಸಬೇಡಿ, ಹಾಗೇ ಇಟ್ಟರೂ ಸಡಿಲವಾಗಿಯೇ ಬರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಅದೇ ಇಷ್ಟ.